ಒಂದು ಬೆಕ್ಕಿಗೆ ಶುಗರ್, ಮೂರಕ್ಕೂ ಹಸಿವು: ತಟ್ಟೆ ಹೇಗೆ ಇಡುವುದು?

"ಬೆಕ್ಕಿಗೂ ಶುಗರ್ ಬರುತ್ತದಾ?" ನಮ್ಮ ಗುಂಡನ ವಿಷಯ ಹೇಳಿದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ಬರುತ್ತದೆ. ನಡುವಯಸ್ಸು ದಾಟಿದ, ಸಂತಾನಹರಣ ಆಪರೇಶನ್ ಆದ, ದಪ್ಪಗಿನ ಗಂಡು ಬೆಕ್ಕಿಗೆ ಜಾಸ್ತಿ ಬರುತ್ತದೆ. ಗುಂಡನಿಗೆ ಈ ಮಾತೆಲ್ಲ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ. ವಯಸ್ಸು ಒಂಬತ್ತು. ಏಳೂವರೆ ಕಿಲೋ ಇದ್ದವನು ಸದ್ದಿಲ್ಲದೆ ಆರೂವರೆಗೆ ಇಳಿದಿದ್ದ. ನೀರಿನ ಪಾತ್ರೆ ಪದೇ ಪದೇ ಖಾಲಿ. ಮರಳಿನ ಟ್ರೇ ಯಾವಾಗ ನೋಡಿದರೂ ಒದ್ದೆ. ಎಷ್ಟು ತಿಂದರೂ ಹಸಿವು. ಹಿಂಗಾಲಿನ ನಡಿಗೆಯೂ ಬದಲಾಗಿತ್ತು. ಬೆಕ್ಕು ಬೆರಳ ಮೇಲೆ ನಡೆಯಬೇಕು, ಇವನು ಹಿಮ್ಮಡಿ ಊರಿ ನಡೆಯುತ್ತಿದ್ದ. ವಯಸ್ಸಾಯಿತು ಅಂತ ನಾವು ಸುಮ್ನೆ ಇದ್ದುಬಿಟ್ಟೆವು. ಅದು ನಮ್ಮದೇ ತಪ್ಪು.

ಇನ್ಸುಲಿನ್ ಇಂಜೆಕ್ಷನ್ ಕೊಡುವುದೇ ದೊಡ್ಡ ಕಷ್ಟ ಅಂದುಕೊಂಡಿದ್ದೆ. ಅದು ನಾಲ್ಕು ದಿನದಲ್ಲಿ ಕೈಗೆ ಬಂತು. ನಿಜವಾದ ಪಜೀತಿ ಆದದ್ದು ತಟ್ಟೆಯ ಹತ್ತಿರ. ಮಂಗಳೂರಿನ ನಮ್ಮ ಹಳೇ ಹೆಂಚಿನ ಮನೆಯಲ್ಲಿ ಗುಂಡನ ಜೊತೆ ಕರಿ ಇದ್ದಾಳೆ, ನಾಲ್ಕು ವರ್ಷದವಳು, ಕಡ್ಡಿಯ ಹಾಗೆ. ಏಳು ತಿಂಗಳ ಪುಟ್ಟಿ ಇದ್ದಾಳೆ. ಊಟದ ಹೊತ್ತಿಗೆ ಸರಿಯಾಗಿ ಕಂಪೌಂಡ್ ಹಾರಿ ಬರುವ ಕಂದು ಗಡವ, ಅಂದರೆ ಗಂಡು ಬೆಕ್ಕು, ಒಬ್ಬ ಬೇರೆ. ಇವರೆಲ್ಲರಿಗೂ ಅಡುಗೆಮನೆ ಮೂಲೆಯಲ್ಲಿ ದಿನವಿಡೀ ತುಂಬಿರುತ್ತಿದ್ದ ಒಂದೇ ಡ್ರೈ ಫುಡ್ (ಕಾಳಿನಂಥ ಒಣ ಊಟ) ಬಟ್ಟಲು.

ಡಾಕ್ಟರ ಜಗಲಿಯಲ್ಲಿ ಬುಟ್ಟಿ ಹಿಡಿದು ಕೂತವರು, ಪೆಟ್ ಶಾಪಿನಲ್ಲಿ ಸಿಕ್ಕವರು, ಹೀಗೆ ಎಷ್ಟೋ ಜನ ಇದೇ ಸಮಸ್ಯೆ ಹೇಳಿಕೊಂಡರು. ಎಲ್ಲರಿಗೂ ಪೌಚ್ (ಪ್ಯಾಕೆಟ್ಟಿನಲ್ಲಿ ಬರುವ ಹಸಿ ಊಟ, ವೆಟ್ ಫುಡ್) ಹಾಕುವುದಾ, ಬೇರೆ ಬೇರೆ ಕೋಣೆಯಾ, ದುಡ್ಡು ಕೊಟ್ಟು ಆಯಾ ಬೆಕ್ಕಿಗೆ ಮಾತ್ರ ತೆರೆಯುವ ಚಿಪ್ ಬಟ್ಟಲು ತರಿಸುವುದಾ, ಮನೆಯಲ್ಲೇ ಕೋಳಿ ಬೇಯಿಸುವುದಾ? ಇದರಲ್ಲಿ ಹೆಚ್ಚಿನದನ್ನು ನಾವು ಮಾಡಿ ನೋಡಿದ್ದೇವೆ. ಕೆಲವದರಲ್ಲಿ ಸೋತಿದ್ದೇವೆ.

ಆಯ್ಕೆಗೆ ಮೊದಲು ಒಂದು ಎಚ್ಚರಿಕೆ

ನಿಮ್ಮ ಬೆಕ್ಕಿಗೆ ಈಗಾಗಲೇ ಇನ್ಸುಲಿನ್ ನಡೆಯುತ್ತಿದ್ದರೆ, ಇದನ್ನು ಓದಿ ನಾಳೆ ಬೆಳಿಗ್ಗೆಯೇ ಊಟ ಬದಲಿಸಬೇಡಿ. ಡ್ರೈ ಫುಡ್ ತಿನ್ನುವಾಗ ಗೊತ್ತು ಮಾಡಿದ ಡೋಸ್, ಕಾರ್ಬ್ (ಕಾರ್ಬೋಹೈಡ್ರೇಟ್, ಹಿಟ್ಟು-ಸಕ್ಕರೆಯ ಅಂಶ) ಕಡಿಮೆ ಇರುವ ಊಟಕ್ಕೆ ಬಂದ ಕೂಡಲೇ ಜಾಸ್ತಿ ಆಗಿಬಿಡಬಹುದು. ಸಕ್ಕರೆ ದಿಢೀರನೆ ಕುಸಿಯುತ್ತದೆ. ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಸೆಳೆತ ಬರಬಹುದು. ಹಾಗಾದರೆ ಒಸಡಿಗೆ ಜೇನು ಅಥವಾ ಗ್ಲೂಕೋಸ್ ನೀರು ಸವರಿ ಆಸ್ಪತ್ರೆಗೆ ಓಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬಾರದು. ಊಟ ಬದಲಿಸುತ್ತೇವೆ ಎಂದು ಡಾಕ್ಟರಿಗೆ ಮೊದಲೇ ಹೇಳಿ, ಆ ದಿನಗಳಲ್ಲಿ ಸಕ್ಕರೆ ನೋಡುತ್ತಾ, ನಿಧಾನವಾಗಿ ಬದಲಿಸಿ.

ಇದರ ಇನ್ನೊಂದು ಮುಖ ಖುಷಿಯದು. ಬೇಗ ಕಂಡುಹಿಡಿದು, ಇನ್ಸುಲಿನ್ ಮತ್ತು ಊಟ ಎರಡನ್ನೂ ಸರಿ ಮಾಡಿದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವ ಹಂತ ಬರುತ್ತದೆ. ಮನುಷ್ಯರ ಶುಗರಿನಲ್ಲಿ ಇಷ್ಟು ಸುಲಭಕ್ಕೆ ಕಾಣದ ಭಾಗ್ಯ ಇದು. ಹಾಗಾಗಿ ತಟ್ಟೆಯ ವಿಷಯಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ದಂಡ ಅಲ್ಲ.

ಯಾವುದನ್ನು ನೋಡಿ ಅಳೆಯುವುದು?

ಮೊದಲನೆಯದು ಕಾರ್ಬ್. ಬೆಕ್ಕು ಹುಟ್ಟಾ ಮಾಂಸಾಹಾರಿ. ಮೈಗೆ ಬೇಕಾದ ಸಕ್ಕರೆಯನ್ನು ಪ್ರೋಟೀನಿನಿಂದಲೇ ಮಾಡಿಕೊಳ್ಳುತ್ತದೆ. ಡ್ರೈ ಫುಡ್ಡಿಗೆ ಆ ಗಟ್ಟಿ ಆಕಾರ ಬರಬೇಕಾದರೆ ಹಿಟ್ಟಿನಂಶ ಬೇಕೇ ಬೇಕು. ಒಟ್ಟು ಕ್ಯಾಲೊರಿಯಲ್ಲಿ ಕಾರ್ಬಿನ ಪಾಲು ನೂರಕ್ಕೆ ಹತ್ತು-ಹನ್ನೆರಡರ ಒಳಗಿದ್ದರೆ ಶುಗರ್ ಬೆಕ್ಕಿಗೆ ಒಳ್ಳೆಯದು. ಪ್ಯಾಕೆಟ್ ಮೇಲೆ ಈ ಅಂಕಿ ಬರೆದಿರುವುದಿಲ್ಲ. ನೀವೇ ಲೆಕ್ಕ ಹಾಕಬೇಕು. ಕಷ್ಟವೇನಿಲ್ಲ, ನಮ್ಮಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆಯೇ ನಾನು ಮಾಡಿದ್ದು.

ನೂರರಿಂದ ಪ್ಯಾಕೆಟ್ ಮೇಲೆ ಬರೆದಿರುವ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಅಂದರೆ ಖನಿಜಾಂಶ, 'ಆ್ಯಶ್') ಇಷ್ಟನ್ನೂ ಕಳೆಯಿರಿ. ಉಳಿದದ್ದು ಕಾರ್ಬ್. ಬೂದಿಯ ಅಂಕಿ ಕೊಟ್ಟಿಲ್ಲದಿದ್ದರೆ ಡ್ರೈ ಫುಡ್ಡಿಗೆ 8, ಪೌಚಿಗೆ 2 ಎಂದು ಹಿಡಿಯಬಹುದು. ಪ್ರೋಟೀನ್ 32, ಕೊಬ್ಬು 9, ನಾರು 4, ತೇವಾಂಶ 10 ಇರುವ ಒಂದು ಡ್ರೈ ಫುಡ್ ತೆಗೆದುಕೊಳ್ಳಿ. ಬೂದಿ 8 ಕಳೆದರೆ ಕಾರ್ಬ್ 37. ಈಗ ಕ್ಯಾಲೊರಿ ನೋಡಿ. ಪ್ರೋಟೀನ್ ಮತ್ತು ಕಾರ್ಬಿಗೆ ಗ್ರಾಮಿಗೆ 3.5, ಕೊಬ್ಬಿಗೆ 8.5. ನೂರು ಗ್ರಾಮಿನ ಒಟ್ಟು 318 ಕ್ಯಾಲೊರಿಯಲ್ಲಿ ಸುಮಾರು 130 ಕಾರ್ಬಿನದ್ದು. ಅಂದರೆ ನೂರಕ್ಕೆ ನಲವತ್ತು! ಇನ್ನು ಪ್ರೋಟೀನ್ 11, ಕೊಬ್ಬು 5, ನಾರು 1, ತೇವಾಂಶ 80, ಬೂದಿ 2 ಇರುವ ಒಂದು ಪೌಚ್. ಉಳಿಯುವ ಕಾರ್ಬ್ 1. ಕ್ಯಾಲೊರಿಯಲ್ಲಿ ಅದರ ಪಾಲು ನೂರಕ್ಕೆ ನಾಲ್ಕು. ಲೇಬಲಿನ ಅಂಕಿಗಳು 'ಕನಿಷ್ಠ ಇಷ್ಟು, ಗರಿಷ್ಠ ಇಷ್ಟು' ಎಂಬ ಲೆಕ್ಕದವು. ಆದ್ದರಿಂದ ಇದು ಅಂದಾಜು ಮಾತ್ರ. ಆದರೆ ನಾಲ್ಕಕ್ಕೂ ನಲವತ್ತಕ್ಕೂ ಇರುವ ಅಂತರ ಅಂದಾಜಿನಲ್ಲೂ ಕಾಣುತ್ತದೆ, ಅಲ್ವಾ?

'ಗ್ರೇನ್ ಫ್ರೀ' ಎಂಬ ಅಕ್ಷರ ನೋಡಿ ಮೋಸ ಹೋಗಬೇಡಿ. ಅಕ್ಕಿ, ಜೋಳ ಇಲ್ಲದ ಕಡೆ ಆಲೂಗಡ್ಡೆ, ಬಟಾಣಿ ಇರುತ್ತದೆ. ಲೆಕ್ಕ ಹಾಕಿಯೇ ನೋಡಿ.

ಎರಡನೆಯದು, ಶುಗರ್ ಬೆಕ್ಕು ಎಷ್ಟು ತಿಂದಿತು ಎಂದು ನಿಮಗೆ ಗೊತ್ತಾಗುತ್ತದೋ ಇಲ್ಲವೋ. ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್ ಕೊಡುವ ಮನೆಯಲ್ಲಿ ಇದು ಬಹಳ ದೊಡ್ಡ ಮಾತು. ತಿನ್ನದ ಬೆಕ್ಕಿಗೆ ಡಾಕ್ಟರನ್ನು ಕೇಳದೆ ಪೂರ್ತಿ ಡೋಸ್ ಕೊಡಬಾರದು. ಬಟ್ಟಲು ಖಾಲಿಯಾಗಿದೆ ಎಂದರೆ ಗುಂಡ ತಿಂದ ಎಂದು ಅರ್ಥವಲ್ಲ. ಪುಟ್ಟಿ ತಿಂದಿರಬಹುದು.

ಉಳಿದ ಬೆಕ್ಕುಗಳಿಗೆ ಏನು ಬೇಕು ಎಂಬುದು ಮೂರನೆಯದು. ಮರಿಗೆ ಜಾಸ್ತಿ ಊಟ ಬೇಕು. ಕಿಡ್ನಿ ತೊಂದರೆ ಇರುವ ಮುದಿ ಬೆಕ್ಕಿಗೆ ಬೇರೆಯದೇ ಊಟ. ಆಮೇಲೆ ದುಡ್ಡು. ಕೊನೆಗೆ ಎಲ್ಲರೂ ಮರೆಯುವ ವಿಷಯ: ಬೆಳಿಗ್ಗೆ ಏಳಕ್ಕೂ ರಾತ್ರಿ ಏಳಕ್ಕೂ ಮನೆಯಲ್ಲಿ ಯಾರಿರುತ್ತಾರೆ, ಅವರಿಗೆ ಎಷ್ಟು ತಾಳ್ಮೆ ಇದೆ?

ಈ ಅಳತೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಒಂದೇ ಮಾತು. ಗುಂಡನ ಊಟವನ್ನು ಮನೆಯ ಉಳಿದ ಬೆಕ್ಕುಗಳು ತಿಂದರೆ ಅವಕ್ಕೆ ಏನೂ ಆಗುವುದಿಲ್ಲ, ನನ್ನ ಜೇಬಿಗೆ ಮಾತ್ರ ನಷ್ಟ. ಅವುಗಳ ಊಟವನ್ನು ಗುಂಡ ತಿಂದರೆ ಕೆಲಸ ಕೆಡುತ್ತದೆ. ಬೀಗ ಹಾಕಬೇಕಾದ್ದು ಯಾವ ತಟ್ಟೆಗೆ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ನಾವು ಮೊದಲ ತಿಂಗಳು ಇದನ್ನೇ ಉಲ್ಟಾ ಮಾಡಿದ್ದೆವು. ಗುಂಡನ ದುಬಾರಿ ಪೌಚನ್ನು ಕಾವಲು ಕಾಯುತ್ತಾ ಕೂತಿದ್ದೆವು. ಡ್ರೈ ಫುಡ್ ಬಟ್ಟಲು ಆಚೆ ತೆರೆದೇ ಇತ್ತು.

ಎಲ್ಲರಿಗೂ ಪೌಚ್

ಎಲ್ಲಕ್ಕಿಂತ ನೆಮ್ಮದಿಯ ದಾರಿ ಇದು. ಮನೆಯೊಳಗೆ ಡ್ರೈ ಫುಡ್ಡೇ ಇಲ್ಲದಿದ್ದರೆ ಕದಿಯುವುದು ಏನನ್ನು? ಆರೋಗ್ಯವಾಗಿರುವ ದೊಡ್ಡ ಬೆಕ್ಕಿಗೆ ಕಾರ್ಬ್ ಕಡಿಮೆ, ಪ್ರೋಟೀನ್ ಜಾಸ್ತಿ ಇರುವ ವೆಟ್ ಫುಡ್ ಚೆನ್ನಾಗಿಯೇ ಆಗುತ್ತದೆ. ನೀರೂ ಹೊಟ್ಟೆಗೆ ಹೋಗುತ್ತದೆ. ಮರಿ ಇದ್ದರೆ ಬೆಳೆಯುವ ವಯಸ್ಸಿಗೂ ಆಗುವ ಊಟ ಎಂದು ಪ್ಯಾಕೆಟ್ ಮೇಲೆ ಇದೆಯೋ ನೋಡಿ, ದಿನಕ್ಕೆ ಮೂರು-ನಾಲ್ಕು ಸಲ ಹಾಕಿ.

ತೊಂದರೆ ದುಡ್ಡಿನದ್ದು. ನಾಲ್ಕು ಕಿಲೋ ತೂಗಬೇಕಾದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಮೇಲೆ ಹೇಳಿದಂಥ ಪೌಚ್ 85 ಗ್ರಾಮಿನದ್ದಾದರೆ ಅದರಲ್ಲಿ 72 ಕ್ಯಾಲೊರಿ. ದಿನಕ್ಕೆ ಮೂರು ಬೇಕು. ಪೌಚಿಗೆ 40 ರೂಪಾಯಿ ಎಂದು ಹಿಡಿದರೆ ಬೆಕ್ಕಿಗೆ ತಿಂಗಳಿಗೆ 3,600. ಮೂರು ಬೆಕ್ಕಿಗೆ 10,800. ನಮ್ಮವರು ಈ ಲೆಕ್ಕ ಕೇಳಿ, "ನನಗೆ ಇಷ್ಟು ಖರ್ಚು ಮಾಡಿ ಊಟ ಹಾಕಿದ್ದು ಯಾವಾಗ?" ಅಂದರು.

ಅಗ್ಗದ ಪೌಚ್ ಹುಡುಕುವವರಿಗೆ ಒಂದು ಮಾತು. ಕೆಲವದರಲ್ಲಿ ತೇವಾಂಶ 85, ಪ್ರೋಟೀನ್ 8, ಕೊಬ್ಬು 3 ಅಷ್ಟೇ ಇರುತ್ತದೆ. ಅಂಥ ಒಂದು ಪೌಚಿನಲ್ಲಿ 50 ಕ್ಯಾಲೊರಿಯೂ ಸಿಗುವುದಿಲ್ಲ, ದಿನಕ್ಕೆ ನಾಲ್ಕಕ್ಕೂ ಮೇಲೆ ಬೇಕಾಗುತ್ತದೆ. ಪೌಚಿನ ಬೆಲೆ ನೋಡಬೇಡಿ, 200 ಕ್ಯಾಲೊರಿಗೆ ಎಷ್ಟು ಬಿತ್ತು ನೋಡಿ. 'ಕಂಪ್ಲೀಟ್' ಅಂತ ಬರೆದಿದೆಯೋ ಅದನ್ನೂ ನೋಡಿ. ಬರೀ ಟ್ಯೂನಾ ಮತ್ತು ನೀರು ಇರುವ ಕೆಲವು ಡಬ್ಬಗಳು ಬಾಯಿ ರುಚಿಗೆ ಮಾತ್ರ, ಅದನ್ನೇ ದಿನಾ ಹಾಕಿದರೆ ಬೇಕಾದ ಪೋಷಕಾಂಶ ಸಿಗುವುದಿಲ್ಲ. ದಪ್ಪ ಗ್ರೇವಿಯವುಗಳಲ್ಲಿ ಗ್ರೇವಿ ಗಟ್ಟಿಯಾಗಲು ಸ್ಟಾರ್ಚ್ ಹಾಕಿರುತ್ತಾರೆ. ಕಲಸಿದ ಮುದ್ದೆಯ ಹಾಗಿರುವ ಪಾಟೆ ಸಾಮಾನ್ಯವಾಗಿ ವಾಸಿ.

ಇನ್ನೊಂದು ತೊಂದರೆ ನಮ್ಮ ಊರಿನದ್ದು, ಇರುವೆ. ತಟ್ಟೆ ಇಟ್ಟು ಹತ್ತು ನಿಮಿಷ ತಿರುಗಿ ನೋಡದಿದ್ದರೆ ಸಾಲು ಹಿಡಿದು ಬರುತ್ತವೆ. ಅಗಲ ತಟ್ಟೆಯಲ್ಲಿ ನೀರು ಹಾಕಿ, ಅದರ ನಡುವೆ ಬಟ್ಟಲು ಇಡುವುದು ನಮ್ಮಜ್ಜಿ ಬೆಲ್ಲದ ಡಬ್ಬಕ್ಕೆ ಮಾಡುತ್ತಿದ್ದ ಉಪಾಯ. ಬೆಕ್ಕಿಗೂ ಅದೇ ಆಯಿತು. ಏಪ್ರಿಲ್-ಮೇ ಸೆಕೆಯಲ್ಲಿ ವೆಟ್ ಫುಡ್ಡನ್ನು ಒಂದು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಒಡೆದ ಪೌಚ್ ಮುಚ್ಚಿ ಫ್ರಿಡ್ಜಿನಲ್ಲಿಡಿ, ಎರಡು ದಿನದಲ್ಲಿ ಮುಗಿಸಿ. ಹಾಕುವ ಮೊದಲು ಸ್ವಲ್ಪ ಬಿಸಿನೀರು ಬೆರೆಸಿದರೆ ತಣ್ಣಗಿನದ್ದನ್ನು ಮೂಸಿ ಹೋಗುವ ಬೆಕ್ಕೂ ತಿನ್ನುತ್ತದೆ.

ಬಾಗಿಲು ಹಾಕಿ ಬೇರೆ ಬೇರೆ ಕೋಣೆ

ಗುಂಡನಿಗೆ ಮಾತ್ರ ಪೌಚ್, ಉಳಿದವರಿಗೆ ಡ್ರೈ ಫುಡ್. ಮೊದಲಿನ ಲೆಕ್ಕದಲ್ಲೇ ಗುಂಡನಿಗೆ 3,600. ಕರಿ, ಪುಟ್ಟಿ ಇಬ್ಬರಿಗೂ ಸೇರಿ ತಿಂಗಳಿಗೆ ಮೂರೂವರೆ ಕಿಲೋ ಡ್ರೈ ಫುಡ್ ಸಾಕು. ಕಿಲೋಗೆ 350 ಹಿಡಿದರೆ 1,200 ರೂಪಾಯಿ. ಒಟ್ಟು ಐದು ಸಾವಿರದ ಒಳಗೆ. ಮೊದಲಿನ ದಾರಿಗೆ ಆಗುವ ಖರ್ಚಿನ ಅರ್ಧವೂ ಇಲ್ಲ.

ಎರಡನೇ ಅಳತೆಯಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಶುಗರ್ ಬೆಕ್ಕಿನ ಕೋಣೆಯಲ್ಲಿ ಅದೊಂದೇ ಬೆಕ್ಕು, ಒಂದೇ ಬಟ್ಟಲು. ಎಷ್ಟು ಹಾಕಿದೆ, ಎಷ್ಟು ಉಳಿಯಿತು, ಎಲ್ಲ ಕಣ್ಣೆದುರಿಗೆ. ಗುಂಡ ಬಚ್ಚಲಲ್ಲಿ, ಕರಿ ಮತ್ತು ಪುಟ್ಟಿ ಚಾವಡಿಯಲ್ಲಿ. ಇಪ್ಪತ್ತು ನಿಮಿಷ. ಬಾಗಿಲು ತೆಗೆಯುವ ಮೊದಲು ಡ್ರೈ ಫುಡ್ ಬಟ್ಟಲು ಎತ್ತಿ ಡಬ್ಬಕ್ಕೆ. ಮಳೆಗಾಲದ ತೇವಕ್ಕೆ ಡ್ರೈ ಫುಡ್ ಮೆತ್ತಗಾಗಿ ಬೂಸ್ಟು ಹಿಡಿಯುವುದೂ ಇದರಿಂದ ತಪ್ಪಿತು.

ಕಷ್ಟ ಆಗುವುದು ಬೆಕ್ಕಿನ ಸ್ವಭಾವದಿಂದ. ದಿನವಿಡೀ ಚೂರು ಚೂರು ತಿನ್ನುತ್ತಿದ್ದ ಕರಿಗೆ 'ಇಪ್ಪತ್ತು ನಿಮಿಷದಲ್ಲಿ ಮುಗಿಸು' ಅಂದರೆ ಅರ್ಥವಾಗಲಿಲ್ಲ. ಮೊದಲ ಎರಡು ದಿನ ಎರಡೆರಡು ಕಾಳು ತಿಂದು ಎದ್ದಳು. ಹಟಕ್ಕೆ ಬಿದ್ದು ಕಾಯಬಾರದು. ಬೆಕ್ಕು ಎರಡು-ಮೂರು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪಗಿನದ್ದಾದರೆ, ಲಿವರಿಗೆ ಕೊಬ್ಬು ತುಂಬಿ ಜೀವಕ್ಕೇ ಬರಬಹುದು. ನಾವು ಹಾಕುವ ಸಲ ಜಾಸ್ತಿ ಮಾಡಿದೆವು. ಎರಡರಿಂದ ನಾಲ್ಕಕ್ಕೆ ಏರಿಸಿ, ಮೂರು ವಾರದಲ್ಲಿ ನಿಧಾನವಾಗಿ ಮೂರಕ್ಕೆ ಇಳಿಸಿದೆವು. ಬೆಳಿಗ್ಗೆ ಏಳು, ಸಂಜೆ ಏಳು ಗುಂಡನ ಇಂಜೆಕ್ಷನ್ ಜೊತೆಗೆ. ಮಧ್ಯಾಹ್ನ ಅಮ್ಮನ ಊಟದ ಹೊತ್ತಿಗೆ ಇನ್ನೊಂದು. ಮಧ್ಯದಲ್ಲಿ ಗುಂಡ ಕಾರ್ಬ್ ಇಲ್ಲದ ಊಟವನ್ನು ಸ್ವಲ್ಪ ತಿಂದರೆ ತೊಂದರೆ ಇಲ್ಲ ಎಂದು ಡಾಕ್ಟರು ಹೇಳಿದ್ದರು.

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಓಡುವ ಮನೆಗೆ, ಒಂದೇ ಕೋಣೆಯ ಫ್ಲಾಟಿಗೆ ಇದು ಭಾರವೇ. ಬಾಗಿಲಿಲ್ಲದ ಕಡೆ ಮಡಚುವ ಪಂಜರ ಆಗುತ್ತದೆ. ಒಳಗೆ ಗುಂಡನಂಥವನು, ಮೇಲೆ ಒಂದು ಹಳೇ ಲುಂಗಿ ಹೊದಿಸಿದರೆ ಆಯಿತು.

ಎತ್ತರ ಮತ್ತು ಕಿಂಡಿ

ಖರ್ಚಿಲ್ಲದ ಉಪಾಯ. ಶುಗರ್ ಬೆಕ್ಕು ದಪ್ಪ, ಅದರ ಹಿಂಗಾಲಿಗೆ ಬಲ ಕಡಿಮೆ. ಉಳಿದವು ಚುರುಕು. ಹಾಗಾಗಿ ಡ್ರೈ ಫುಡ್ ಬಟ್ಟಲನ್ನು ಅಟ್ಟದ ಮೇಲೆ ಇಡಿ. ಇಲ್ಲದಿದ್ದರೆ ರಟ್ಟಿನ ದೊಡ್ಡ ಪೆಟ್ಟಿಗೆಗೆ ತೆಳ್ಳಗಿನ ಬೆಕ್ಕು ಮಾತ್ರ ನುಸಿಯುವಷ್ಟು ಕಿಂಡಿ ಕೊರೆದು ಅದರೊಳಗೆ ಇಡಿ. ನಾವು ಕರಿಯ ಬಟ್ಟಲನ್ನು ಹಳೇ ಕಪಾಟಿನ ಮೇಲೆ ಇಟ್ಟಿದ್ದೆವು. ನಾಲ್ಕು ತಿಂಗಳು ಭಾರೀ ಚೆನ್ನಾಗಿ ನಡೆಯಿತು. ಗುಂಡ ಕೆಳಗೆ ಕೂತು ಮೇಲೆ ನೋಡಿ ನಿಟ್ಟುಸಿರು ಬಿಡುತ್ತಿದ್ದ.

ಐದನೇ ತಿಂಗಳು ಅವನ ಸಕ್ಕರೆ ಹತೋಟಿಗೆ ಬಂತು. ತೂಕ ಇಳಿಯಿತು, ಹಿಂಗಾಲಿಗೆ ಬಲ ಬಂತು. ಒಂದು ಬೆಳಿಗ್ಗೆ ನೋಡಿದರೆ ಕಪಾಟಿನ ಮೇಲೆ ಗುಂಡ! ಅವನು ಹುಷಾರಾದ ಎಂದು ನಗುವುದೋ, ಡ್ರೈ ಫುಡ್ ಖಾಲಿ ಮಾಡಿದ ಎಂದು ಅಳುವುದೋ ಗೊತ್ತಾಗಲಿಲ್ಲ. ಈ ಉಪಾಯಕ್ಕೆ ಆಯಸ್ಸು ಇಷ್ಟೇ. ಬೆಕ್ಕು ಗುಣವಾಗುತ್ತಿದ್ದಂತೆ ಇದು ಕೈಕೊಡುತ್ತದೆ. ಮೊದಲ ಕೆಲವು ತಿಂಗಳಿಗೆ, ಬೇರೆ ವ್ಯವಸ್ಥೆ ಆಗುವ ತನಕ ಸಾಕು. ಗುಂಡ ಎಷ್ಟು ತಿಂದ ಎಂಬುದು ಇದರಲ್ಲಿ ತಿಳಿಯುವುದಿಲ್ಲ ಎಂಬುದನ್ನೂ ಮರೆಯಬೇಡಿ. ಅವನ ಪೌಚನ್ನು ಕರಿ ಇಳಿದು ಬಂದು ನೆಕ್ಕಿರಬಹುದು.

ಚಿಪ್ ಓದುವ ಬಟ್ಟಲು

ಬೆಕ್ಕಿನ ಮೈಯಲ್ಲಿರುವ ಮೈಕ್ರೋಚಿಪ್ಪನ್ನೋ, ಕೊರಳಪಟ್ಟಿಗೆ ಹಾಕುವ ಟ್ಯಾಗನ್ನೋ ಓದಿ ಆ ಬೆಕ್ಕಿಗೆ ಮಾತ್ರ ಮುಚ್ಚಳ ತೆರೆಯುವ ಬಟ್ಟಲು ಇದೆ. ಶ್ಯೂರ್‌ಫೀಡ್ ಎಂಬುದು ಹೆಸರಾದದ್ದು. ಬ್ಯಾಟರಿಯಲ್ಲಿ ಓಡುತ್ತದೆ. ಜುಲೈ ಮಳೆಗೆ ಕರೆಂಟು ಹೋದರೂ ಚಿಂತೆ ಇಲ್ಲ. ಆದರೆ ಹೊರದೇಶದ ಮಾಲು, ಬೆಲೆ ಕೇಳಿದರೆ ಬೆಕ್ಕಿಗಿಂತ ಮೊದಲು ನಮಗೆ ಡಾಕ್ಟರು ಬೇಕು. ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರು ಯಾರು ಎಂಬ ಪ್ರಶ್ನೆಯೂ ಇದೆ.

ತರಿಸುವುದಾದರೆ ಒಂದೇ ಸಾಕು, ಮೂರು ಬೇಡ. ಅದರಲ್ಲಿ ಡ್ರೈ ಫುಡ್ ಹಾಕಿ. ಕರಿ, ಪುಟ್ಟಿ ಇಬ್ಬರ ಚಿಪ್ಪನ್ನೂ ಅದಕ್ಕೆ ಕಲಿಸಿ. ಗುಂಡನದ್ದನ್ನು ಬಿಡಿ. ಅವನ ಪೌಚ್ ಹೊರಗೆ ಮಾಮೂಲಿ ತಟ್ಟೆಯಲ್ಲಿ. ಮೊದಲೇ ಹೇಳಿದೆನಲ್ಲ, ಬೀಗ ಬೇಕಾದ್ದು ಅವನು ತಿನ್ನಬಾರದ್ದಕ್ಕೆ. ಪುಟ್ಟಿ ತಿನ್ನುವಾಗ ದಾಂಡಿಗ ಬೆಕ್ಕು ಪಕ್ಕದಿಂದ ತಲೆ ತೂರಿಸುವುದುಂಟು. ಅಂಥ ಕಡೆ ಬಟ್ಟಲನ್ನು ಗೋಡೆಯ ಮೂಲೆಗೆ ಸೇರಿಸಿ, ಎರಡೂ ಬದಿಗೆ ಹಲಗೆ ನಿಲ್ಲಿಸಬೇಕು. ದಿನಪೂರ್ತಿ ಚೂರು ಚೂರು ತಿನ್ನುವ ಬೆಕ್ಕೂ, ಹಗಲಿಡೀ ಹೊರಗಿರುವ ಯಜಮಾನರೂ ಇರುವ ಮನೆಗೆ ಇದು ಕೊಟ್ಟ ದುಡ್ಡಿಗೆ ಮೋಸ ಇಲ್ಲದ ವಸ್ತು. ನಮ್ಮಂತೆ ಅಮ್ಮ ಮನೆಯಲ್ಲೇ ಇರುವ ಕಡೆ ಸುಮ್ನೆ ಖರ್ಚು.

ಹೊತ್ತಿಗೆ ಸರಿಯಾಗಿ ತೆರೆಯುವ ಟೈಮರ್ ಬಟ್ಟಲು ಇದಲ್ಲ. ಅದು ಅಗ್ಗ, ಆದರೆ ಯಾರು ಬಂದರು ಎಂದು ನೋಡುವುದಿಲ್ಲ. ಒಂದೇ ಬೆಕ್ಕು ಇರುವವರಿಗೆ ಸರಿ.

ಮೀನು, ಕೋಳಿ, ಮನೆಯಡುಗೆ

ಗುಂಡನ ಶುಗರ್ ತಿಳಿದ ದಿನ ಅಮ್ಮ ಮೀನನ್ನೇ ಅನುಮಾನಿಸಿದರು. ದಿನಾ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬರುವ ಅಕ್ಕ ಇವನಿಗೆ ಅಂತ ಬಂಗುಡೆಯ ತಲೆ ತೆಗೆದಿಡುತ್ತಿದ್ದರು. ಪಾಪ, ಬಂಗುಡೆಯದ್ದು ತಪ್ಪಿಲ್ಲ. ಮೀನಿನಲ್ಲಿ ಕಾರ್ಬ್ ಇಲ್ಲವೇ ಇಲ್ಲ ಅನ್ನಬಹುದು. ತಪ್ಪು ಅದರ ಜೊತೆ ಕಲಸುತ್ತಿದ್ದ ಕುಚ್ಚಲಕ್ಕಿ ಅನ್ನದ್ದು. ನಮ್ಮ ಕಡೆ ಬೆಕ್ಕಿನ ಊಟ ಎಂದರೆ ಮೂರು ಪಾಲು ಅನ್ನ, ಒಂದು ಪಾಲು ಮೀನು ಅಲ್ವಾ? ಮೇಲೆ ಒಂದು ಲೋಟ ಹಾಲು. ಶುಗರ್ ಬೆಕ್ಕಿಗೆ ಅನ್ನವೂ ಬೇಡ, ಹಾಲೂ ಬೇಡ. ಮೀನು ಗಸಿ ಕಲಸಿದ ಅನ್ನವಂತೂ ಯಾವ ಬೆಕ್ಕಿಗೂ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ.

ಹಾಗಾದರೆ ಬರೀ ಮೀನು ಬೇಯಿಸಿ ಹಾಕಬಹುದಲ್ಲ ಎಂದು ಕೇಳುವವರು ಜಾಸ್ತಿ. ಕಾರ್ಬಿನ ಅಳತೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಬೇರೆ ಕಡೆ ಸೋಲುತ್ತದೆ. ಬೂತಾಯಿಯಂಥ ಎಣ್ಣೆ ಮೀನೊಂದನ್ನೇ ತಿಂಗಳುಗಟ್ಟಲೆ ಹಾಕಿದರೆ ವಿಟಮಿನ್ ಇ ಕೊರತೆಯಾಗಿ ಮೈಯ ಕೊಬ್ಬಿಗೆ ಉರಿಯೂತ ಬರುತ್ತದೆ. ಕೆಲವು ಮೀನನ್ನು ಹಸಿಯಾಗಿ ಹಾಕಿದರೆ ಅದರಲ್ಲಿರುವ ಒಂದು ಅಂಶ ಬಿ1 ವಿಟಮಿನ್ನನ್ನು ಹಾಳು ಮಾಡುತ್ತದೆ. ಬೇಯಿಸಿದರೆ ಆ ಭಯ ಇಲ್ಲ. ಬರೀ ಕೋಳಿ ಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು. ಬೆಕ್ಕಿನ ಹೃದಯಕ್ಕೆ, ಕಣ್ಣಿಗೆ ಬೇಕೇ ಬೇಕಾದ ಟಾರಿನ್ ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ. ಆ ನೀರು ಚೆಲ್ಲಿದರೆ ಅದೂ ಹೋಯಿತು. ಲಿವರ್ ಒಳ್ಳೆಯದು ಎಂದು ದಿನಾ ಹಾಕಿದರೆ ವಿಟಮಿನ್ ಎ ಅತಿಯಾಗುತ್ತದೆ. ಮನೆಯಡುಗೆಯನ್ನೇ ಪೂರ್ತಿ ಊಟ ಮಾಡುವುದಾದರೆ ಡಾಕ್ಟರಿಂದ ಅಳತೆ, ಸಪ್ಲಿಮೆಂಟ್ ಎಲ್ಲ ಬರೆಸಿಕೊಂಡೇ ಮಾಡಬೇಕು. ಕಣ್ಣಳತೆಯಲ್ಲಿ ಆಗುವ ಕೆಲಸ ಅಲ್ಲ.

ನಮ್ಮ ಕರಾವಳಿಯವರಿಗೆ ಇನ್ನೊಂದು ಲೆಕ್ಕ ಇದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ದಕ್ಕೆಯಲ್ಲೂ ಮಲ್ಪೆಯಲ್ಲೂ ಬೋಟು ಕಟ್ಟಿರುತ್ತದೆ. ಮನುಷ್ಯರಿಗೇ ಮೀನು ತುಟ್ಟಿಯಾಗುವ ಆ ಎರಡು ತಿಂಗಳು ಬೆಕ್ಕಿಗೆ ಏನು ಹಾಕುತ್ತೀರಿ? ಊಟ ದಿಢೀರನೆ ಬದಲಾದರೆ ಇನ್ಸುಲಿನ್ ಲೆಕ್ಕವೂ ತಪ್ಪುತ್ತದೆ.

ಬೇಯಿಸಿದ ಮೀನು, ಕೋಳಿ ದಿನದ ಊಟದ ಹತ್ತರಲ್ಲಿ ಒಂದು ಪಾಲಿನಷ್ಟಿದ್ದರೆ ಚಿಂತೆ ಇಲ್ಲ. ಮುಳ್ಳು ತೆಗೆದು, ಉಪ್ಪು ಹಾಕದೆ. ಬಂಗುಡೆಯ ಅಕ್ಕನಿಗೂ ಅಮ್ಮನಿಗೂ ನಾನು ಮಾಡಿಕೊಟ್ಟ ರಾಜಿ ಇದು. ಗುಂಡನಿಗೆ ಇಂಜೆಕ್ಷನ್ ಕೊಡುವಾಗ ಬಾಯಿಗೆ ಇದೇ ಒಂದು ತುಂಡು. ಅವನು ಈಗ ಸಿರಿಂಜ್ ಸದ್ದು ಕೇಳಿದರೆ ಓಡಿ ಬರುತ್ತಾನೆ.

ಡ್ರೈ ಫುಡ್ಡನ್ನೇ ಮುಂದುವರಿಸುವುದು

ಪೌಚ್ ಮುಟ್ಟದ ಬೆಕ್ಕುಗಳಿವೆ. ಅಂಥವಕ್ಕೆ ಶುಗರಿಗೆಂದೇ ಮಾಡಿದ ಡ್ರೈ ಫುಡ್ ಇದೆ. ರಾಯಲ್ ಕ್ಯಾನಿನ್‌ನ 'ಡಯಾಬಿಟಿಕ್' ಅಂಥದ್ದೊಂದು. ಮಾಮೂಲಿ ಡ್ರೈ ಫುಡ್ಡಿಗಿಂತ ಕಾರ್ಬ್ ಕಡಿಮೆ, ಒಳ್ಳೆಯ ಪೌಚಿಗಿಂತ ಸಾಮಾನ್ಯವಾಗಿ ಜಾಸ್ತಿ. ಎಲ್ಲ ಬೆಕ್ಕಿಗೂ ಅದನ್ನೇ ಹಾಕಿದರೆ ಕೋಣೆ, ಬೀಗ ಯಾವುದೂ ಬೇಡ. ದೊಡ್ಡ ಬೆಕ್ಕುಗಳಷ್ಟೇ ಇರುವ ಮನೆಗೆ ನಡುವಿನ ದಾರಿ. ಡಾಕ್ಟರನ್ನು ಕೇಳಿ ಶುರು ಮಾಡಿ. ಅಂಗಡಿಯಲ್ಲಿ ಯಾವಾಗಲೂ ಇರುತ್ತದೆ ಎಂದು ನಂಬಿ ಕೂರದೆ ಇನ್ನೊಂದು ಚೀಲ ಮೊದಲೇ ತರಿಸಿಡಿ. ಪೌಚ್ ಕೊಳ್ಳಲು ಕೈ ಸಾಗದಿದ್ದರೆ, ಇರುವ ಡ್ರೈ ಫುಡ್ಡನ್ನೇ ಅಳತೆ ಮಾಡಿ, ಹೊತ್ತಿಗೆ ಸರಿಯಾಗಿ ಹಾಕಿ, ಇನ್ಸುಲಿನ್ ಹೊಂದಿಸಿಕೊಂಡು ಹೋಗಲೂ ಆಗುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ದಿನಕ್ಕೊಂದು ಬಗೆ ಹಾಕುವುದಕ್ಕಿಂತ ಅದು ಎಷ್ಟೋ ವಾಸಿ.

ಹಾಗಾದರೆ ನಿಮ್ಮ ಮನೆಗೆ ಯಾವುದು?

ಎರಡೇ ಬೆಕ್ಕು, ಕೈಯಲ್ಲಿ ಸ್ವಲ್ಪ ದುಡ್ಡು ಇದೆ ಎಂದರೆ ಎರಡಕ್ಕೂ ಪೌಚ್ ಹಾಕಿ, ಯೋಚನೆ ಬಿಡಿ. ಆದರೂ ಇಂಜೆಕ್ಷನ್ ಹೊತ್ತಿನ ಊಟ ಮಾತ್ರ ನಿಮ್ಮ ಕಣ್ಣೆದುರಿಗೇ ಆಗಲಿ. ಮೂರು ಅಥವಾ ಅದಕ್ಕಿಂತ ಜಾಸ್ತಿ ಬೆಕ್ಕು, ಹಗಲು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ ಎಂದರೆ ಬಾಗಿಲು ಹಾಕುವ ದಾರಿ. ನಮ್ಮ ಮನೆಯಲ್ಲಿ ಕೊನೆಗೆ ಉಳಿದದ್ದು ಇದೇ. ಪುಟ್ಟಿಗೆ ಬೆಳೆಯುವ ವಯಸ್ಸಾದ್ದರಿಂದ ಮರಿಗಳ ಡ್ರೈ ಫುಡ್ ಬೇಕಿತ್ತು. ಎಲ್ಲರೂ ಹೊರಗೆ ದುಡಿಯುವ ಮನೆಯಾದರೆ ಚಿಪ್ ಬಟ್ಟಲಿಗೆ ದುಡ್ಡು ಕೂಡಿಸಿ, ಅಲ್ಲಿಯ ತನಕ ಕಪಾಟಿನ ಮೇಲೆ ನಡೆಸಿ.

ಕಿಡ್ನಿ ಹಾಳಾದ ಇನ್ನೊಂದು ಬೆಕ್ಕು ಇದ್ದರೆ ಮಾತ್ರ ನನ್ನ ಸೂತ್ರ ನಡೆಯುವುದಿಲ್ಲ. ಅದರ ಊಟದಲ್ಲಿ ಫಾಸ್ಫರಸ್ ಕಡಿಮೆ ಇರಬೇಕು, ಪ್ರೋಟೀನೂ ಹಿಡಿತದಲ್ಲಿರಬೇಕು. ಗುಂಡನಂಥವನ ಊಟ ಅದಕ್ಕೆ ಆಗದು, ಅದರದ್ದು ಇವನಿಗೆ ಆಗದು. ಅಲ್ಲಿ ಎರಡು ತಟ್ಟೆಗೂ ಬೀಗ ಬೇಕು. ಬಾಗಿಲು ಇಲ್ಲವೇ ಎರಡು ಚಿಪ್ ಬಟ್ಟಲು, ಬೇರೆ ದಾರಿ ನನಗೆ ಕಾಣುವುದಿಲ್ಲ.

ಇನ್ನು ಆ ಕಂದು ಗಡವ. ಅವನಿಗೆ ಡ್ರೈ ಫುಡ್ಡನ್ನು ಜಗಲಿಯಲ್ಲಿ ಇಡುತ್ತಿದ್ದೆವು. ಗುಂಡ ಹೊರಗೆ ಹೋಗಿ ಅದರಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದ ಎಂಬುದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಸಕ್ಕರೆ ಯಾಕೆ ಏರಿಳಿಯುತ್ತಿದೆ ಎಂದು ನಾವು ಇನ್ಸುಲಿನ್ ಬಾಟಲಿಯನ್ನು ಬೈಯುತ್ತಿದ್ದೆವು. ಈಗ ಗಡವನ ಊಟ ಬಾವಿಕಟ್ಟೆಯ ಆಚೆ, ಅವನು ತಿಂದು ಎದ್ದ ಕೂಡಲೇ ಬಟ್ಟಲು ಒಳಗೆ. ಲೆಕ್ಕಕ್ಕೆ ಸಿಗದ ಸಕ್ಕರೆ ಕಂಡರೆ ನಿಮ್ಮ ಅಕ್ಕಪಕ್ಕದ ಮನೆಯ ಹಿತ್ತಿಲನ್ನೂ ಒಮ್ಮೆ ನೋಡಿ ಬನ್ನಿ.

ಕಳೆದ ಮೇ ತಿಂಗಳಲ್ಲಿ ಕುಂದಾಪುರದಲ್ಲಿ ಮದುವೆ ಇತ್ತು. ಮಾವ ಬಂದು ಎರಡು ದಿನ ಮನೆ ನೋಡಿಕೊಂಡರು. ಅವರಿಗೆ ಇಂಜೆಕ್ಷನ್ ಮೊದಲೇ ಕಲಿಸಿದ್ದೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು, ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ತಪ್ಪುತ್ತದೆ ಎಂದು ಮೂರು ಸಲ ಹೇಳಿದ್ದೆ. ಗುಂಡನ ಸಿರಿಂಜ್ ಬಿಟ್ಟು ಬೇರೆಯದನ್ನೆಲ್ಲ ಕಪಾಟಿನೊಳಗೆ ಬಚ್ಚಿಟ್ಟೆ. ಊಟದ ಸಂಗತಿಯನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಡ್ಜಿಗೆ ಅಂಟಿಸಿದೆ:

"ಏಳು ಗಂಟೆ. ಗುಂಡ ಬಚ್ಚಲಿಗೆ, ಬಾಗಿಲು ಹಾಕಿ. ಪೌಚ್ ಒಂದೂವರೆ. ಅರ್ಧಕ್ಕಿಂತ ಜಾಸ್ತಿ ತಿಂದ ಮೇಲೆ ಇಂಜೆಕ್ಷನ್. ತಿನ್ನದಿದ್ದರೆ ಇಂಜೆಕ್ಷನ್ ಬೇಡ, ನನಗೆ ಫೋನ್, ಡಾಕ್ಟರಿಗೆ ಫೋನ್. ಬಾಗಿಲು ತೆಗೆಯುವ ಮೊದಲು ಕರಿಯ ಬಟ್ಟಲು ಎತ್ತಿ. ಜೇನು ಬಾಟಲಿ ಫ್ರಿಡ್ಜ್ ಮೇಲೆಯೇ ಇದೆ."

ಕೆಳಗೆ ಅಮ್ಮ ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿದ್ದರು: "ಎಷ್ಟು ಕೂಗಿದರೂ ಅನ್ನ ಹಾಕಬೇಡಿ. ಅವನು ನಿಮಗೂ ನಾಟಕ ಮಾಡುತ್ತಾನೆ."